ಪೀಪಾಯಿಯ ಪೂರ್ವವಾಸನೆ

ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಹಳೆಯ ಮನೆಯಲ್ಲಿ ಅಬ್ಕಾರಿ ಖಾತೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಮೂವತ್ತೆರಡು ವರ್ಷ ಮದ್ಯವನ್ನು ಅಳೆದವರು; ಒಂದು ಹನಿಯನ್ನೂ ನಾಲಗೆಗೆ ತಾಗಿಸದವರು. ಉಗ್ರಾಣದ ಬೀಗಕ್ಕೆ ಅರಗಿನ ಮುದ್ರೆಯನ್ನೊತ್ತುವುದು, ಗಾಜಿನ ಜಾಡಿಯಲ್ಲಿ ಸೈಕ್ಸನ ಹೈಡ್ರಾಮೀಟರನ್ನು ತೇಲಿಸಿ ಅದೆಷ್ಟು ಮುಳುಗಿತೆಂದು ನೋಡುವುದು, ಕೋಷ್ಟಕದೊಡನೆ ತಾಳೆಹಾಕಿ ಮದ್ಯದ ಬಲವನ್ನು ಬರೆದಿಡುವುದು, ಇದೇ ಅವರ ವೃತ್ತಿಯಾಗಿತ್ತು. ಗಂಧದ ಕೊರಡನ್ನು ಹೊತ್ತ ಕತ್ತೆಗೆ ಭಾರವಲ್ಲದೆ ಪರಿಮಳವೇನು ತಿಳಿದೀತೆಂಬ ಹಳೆಯ ಮಾತನ್ನು ತಮ್ಮ ಮೇಲೆ ತಾವೇ ಹೇಳಿಕೊಂಡು ನಗುತ್ತಿದ್ದರು.

ಈ ವ್ರತಕ್ಕೆ ಧರ್ಮಶ್ರದ್ಧೆಗಿಂತ ಸಮೀಪದ ಕಾರಣವೊಂದುಂಟು. ಅವರ ತಮ್ಮ ಹತ್ತಿಯ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದವನು. ಸಾರಾಯಿಯ ಪಾಕೀಟಿಗೆ ಮೊದಲು ಸಂಬಳವನ್ನೂ, ಆಮೇಲೆ ಹೆಂಡತಿಯ ಬಳೆಗಳನ್ನೂ, ಕಡೆಗೆ ತನ್ನನ್ನೂ ಒಪ್ಪಿಸಿದನು. ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತದ್ದು 2007ರ ಜುಲೈ 1ರಂದು; ಅವನು ತೀರಿಕೊಂಡದ್ದು ಅದಕ್ಕೆ ಎರಡು ವರ್ಷ ಮುಂಚೆ. ತಮ್ಮ ಕೈಯ ಮುದ್ರೆ ಬಿದ್ದ ಉಗ್ರಾಣದಿಂದಲೇ ಅವನ ಪಾಕೀಟುಗಳು ಹೋಗಿದ್ದಿರಬಹುದೆಂಬ ಯೋಚನೆ ಅಣ್ಣನನ್ನು ಬಿಟ್ಟಿರಲಿಲ್ಲ.

ಹೀಗಿರಲು, ಕಳೆದ ಕಾರ್ತಿಕದಲ್ಲಿ ಬೆಂಗಳೂರಿನಿಂದ ಬಂದ ಅಳಿಯ ಒಂದು ಸೀಸೆಯನ್ನು ಮೇಜಿನ ಮೇಲಿಟ್ಟನು. ಹಿರಿಯರು ಕನ್ನಡಕವನ್ನೇರಿಸಿ, ಹೆಸರಿಗಿಂತ ಮೊದಲು ಅಂಕಿಯನ್ನು ಓದಿದರು. ನೂರಕ್ಕೆ 57.1!

“ಇದು ಸರಿಯಾಗಿ ನೂರು ಡಿಗ್ರಿ ಪ್ರೂಫ್, ಅಳಿಯಂದಿರೇ. ಸೇವೆಯಲ್ಲಿದ್ದಾಗ ಅಂಗಡಿಯ ಸೀಸೆಗಳಲ್ಲಿ ನಾನು ಕಂಡದ್ದೆಲ್ಲ 42.8; ಎಂದರೆ ಇಪ್ಪತ್ತೈದು ಡಿಗ್ರಿ ಕೆಳಗೆ” ಎಂದರು. ಹಿಂದಿನ ಕಾಲದ ಆಂಗ್ಲರು ಮದ್ಯದಲ್ಲಿ ತೊಯ್ದ ಕೋವಿಮದ್ದಿಗೆ ಬೆಂಕಿ ತಾಗಿಸಿ, ಅದು ಹತ್ತಿಕೊಂಡರೆ ಮದ್ಯ ಬಲವಾದುದೆಂದು ಒಪ್ಪುತ್ತಿದ್ದರಂತೆ. ಆ ಪರೀಕ್ಷೆಯಿಂದಲೇ ‘ಪ್ರೂಫ್’ ಎಂಬ ಮಾತು ಉಳಿಯಿತು.

ಸೀಸೆ ಅಮೃತ್ ಕಾರ್ಖಾನೆಯದು. ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಈ ಸಂಸ್ಥೆ 2004ರಲ್ಲಿ ತನ್ನ ಬಾರ್ಲಿಯ ವಿಸ್ಕಿಯನ್ನು ಗ್ಲಾಸ್ಗೋ ನಗರದಲ್ಲಿಯೇ ಮಾರಾಟಕ್ಕಿಟ್ಟಿತು. ಸ್ಕಾಟರ ಊರಿಗೆ ವಿಸ್ಕಿಯನ್ನು ಒಯ್ಯುವುದು ಸಣ್ಣ ಧೈರ್ಯವಲ್ಲ. ಅಳಿಯ ತಂದದ್ದು ‘ಇಂಟರ್ಮೀಡಿಯೆಟ್ ಶೆರಿ’ ಎಂಬುದು, 2010ರಲ್ಲಿ ಹೊರಬಂದ ಬಗೆ. ಅದು ಮೊದಲು ಅಮೆರಿಕೆಯ ಬರ್ಬನ್ ಇದ್ದ ಪೀಪಾಯಿಗಳಲ್ಲಿಯೂ ಹೊಸ ಓಕ್ ಪೀಪಾಯಿಗಳಲ್ಲಿಯೂ ಇದ್ದು, ನಡುವೆ ಸ್ಪೇನಿನ ಶೆರಿಯೆಂಬ ದ್ರಾಕ್ಷಾಮದ್ಯದ ಪೀಪಾಯಿಯನ್ನು ಹೊಕ್ಕು, ಮತ್ತೆ ಬರ್ಬನ್ ಪೀಪಾಯಿಗೇ ಮರಳಿದ್ದು.

ಬರ್ಬನನ್ನಾಗಲಿ ರೈ ವಿಸ್ಕಿಯನ್ನಾಗಲಿ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡತಕ್ಕದ್ದೆಂದು ಅಮೆರಿಕೆಯ ಕಾನೂನು. ರೈ ಎಂಬುದು ನಮ್ಮ ರಾಗಿಯಲ್ಲ, ಗೋದಿಯ ದಾಯಾದಿ. ಒಮ್ಮೆ ಬಳಸಿದ ಪೀಪಾಯಿ ಅವರಿಗೆ ಆ ಕೆಲಸಕ್ಕೆ ಬಾರದುದರಿಂದ ಅದು ಸ್ಕಾಟ್ಲೆಂಡಿಗೋ ಬೆಂಗಳೂರಿಗೋ ಹಡಗು ಹತ್ತುತ್ತದೆ. ಈಚೆಗೆ ಅಮೆರಿಕದವರೂ ತಮ್ಮ ಖಾರವಾದ ರೈ ವಿಸ್ಕಿಯನ್ನು ಕಡೆಯಲ್ಲಿ ರಮ್ಮಿನ ಅಥವಾ ಬ್ರಾಂಡಿಯ ಪೀಪಾಯಿಯಲ್ಲಿ ಕೆಲವು ತಿಂಗಳು ಮಲಗಿಸುತ್ತಾರೆ. ನಮ್ಮ ಸೆಕೆಯಲ್ಲಿ ಮರದ ಗುಣ ಬೇಗ ಇಳಿಯುತ್ತದೆ, ಮದ್ಯವೂ ಬೇಗ ಆರುತ್ತದೆ: ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಹತ್ತಕ್ಕೂ ಮಿಕ್ಕು. ಸ್ಕಾಟರು ಅದನ್ನು ದೇವದೂತರ ಪಾಲೆನ್ನುತ್ತಾರೆ. ಅಬ್ಕಾರಿಯ ಲೆಕ್ಕದಲ್ಲಿ ಅದು ಬರಿಯ ನಷ್ಟ.

ಬರಿದಾದ ಪೀಪಾಯಿಯ ಹಲಗೆಯೊಳಗೆ ಹಿಂದಿನ ಮದ್ಯ ಇಂಗಿಕೊಂಡಿರುತ್ತದೆ. ಹೊಸದಾಗಿ ಬಂದದ್ದಕ್ಕೆ ಅದು ಬಣ್ಣ, ರುಚಿ, ಗಂಧಗಳನ್ನು ಕೊಡುತ್ತದೆ. ಮೂಗಿಗೆ ಬರುವುದಕ್ಕೂ ಜನ್ಮಾಂತರದಿಂದ ಅಂಟಿ ಬರುವುದಕ್ಕೂ ವಾಸನೆಯೆಂಬ ಒಂದೇ ಹೆಸರನ್ನಿಟ್ಟವರು ಪೀಪಾಯಿಯನ್ನು ಕಂಡವರಲ್ಲ. ಆದರೂ ಅದಕ್ಕೆ ಇದಕ್ಕಿಂತ ತಕ್ಕ ಮಾತು ಸಿಕ್ಕದು.

“ಮಾವ, ಒಂದು ಚಮಚ ಸಾಕು. ಕುಡಿಯುವುದಲ್ಲ, ರುಚಿ ನೋಡುವುದು.”

“ಅವೆರಡರ ನಡುವಣ ಗೆರೆ ಎಲ್ಲಿದೆಯೆಂದು ನನ್ನ ತಮ್ಮನಿಗೂ ತಿಳಿಯಲಿಲ್ಲ.”

ಅಳಿಯ ತಲೆ ತಗ್ಗಿಸಿದನು. ಸ್ವಲ್ಪ ಹೊತ್ತಿನ ಮೇಲೆ ಹಿರಿಯರೇ ಲೋಟವನ್ನು ಹತ್ತಿರಕ್ಕೆಳೆದುಕೊಂಡರು. ಮೊದಲು ಮೂಗು ಉರಿಯಿತು. ಅನಂತರ ಉತ್ತುತ್ತೆ, ಒಣದ್ರಾಕ್ಷಿ, ಜೋನಿಬೆಲ್ಲ. ಅವುಗಳ ಹಿಂದೆ, ಮಂಡಕ್ಕಿ ಭಟ್ಟಿಯ ಮುಂದೆ ಹಾದುಹೋಗುವಾಗ ಬರುವ ಬಿಸಿಮರಳಿನಂಥ ಒಂದು ಸುಟ್ಟ ಕಂಪು. ಅಳಿಯ ನಾಲ್ಕು ಹನಿ ನೀರು ಬೆರಸಿದನು. ನೀರು ಬಿದ್ದರೆ ಕೆಲವು ಸುವಾಸನೆಯ ಅಣುಗಳು ಮೇಲ್ಮೈಗೆ ಬರುತ್ತವೆಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಗಣಿತದಿಂದ ತೋರಿಸಿದ್ದಾರೆ. ಆ ಸಂಜೆ ಅದನ್ನು ತೋರಿಸಿದ್ದು ತುಂಗಭದ್ರೆಯ ನಲ್ಲಿಯ ನೀರು: ಲವಂಗ ಎದ್ದುಬಂತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪತ್ನಿ ಏನನ್ನೂ ಆಡಲಿಲ್ಲ. ಒಳಗೆ ಹೋಗಿ, ಔಷಧದ ಚಮಚವನ್ನು ತಂದಿಟ್ಟರು.

ಅವರು ಕಣ್ಣು ಮುಚ್ಚಿ ನಾಲಗೆಗಿಟ್ಟುಕೊಂಡರು. ಬೆಂಕಿಯೇನೋ ಇತ್ತು, ಆದರೆ ಅದು ಮೆಣಸಿನಕಾಯಿಯದಲ್ಲ, ಕರಿಮೆಣಸಿನದು. ಬಳಿಕ ಸಿಹಿ, ಅದರ ಮೇಲೆ ಮರದ ಒಗರು. ಎಲ್ಲವೂ ಇಳಿದು ಗಂಟಲು ತಣ್ಣಗಾದ ಮೇಲೆ, ಉಸಿರು ಬಿಡುವಾಗ, ಬೇರೊಂದು ಬಂತು. ಅವರ ಮುಖ ಬಾಡಿತು.

“ಅದೇ.”

“ಏನು ಮಾವ?”

“ಅವನ ಅಂಗಿಯ ವಾಸನೆ. ಇಷ್ಟು ಪೀಪಾಯಿ ದಾಟಿ ಬಂದರೂ ಹೋಗಿಲ್ಲ.” ಸ್ವಲ್ಪ ತಡೆದು, “ಮಾಡಿದವರ ಕೈ ಒಳ್ಳೆಯದು. ಅದನ್ನು ಅಲ್ಲವೆನ್ನಲಾರೆ” ಎಂದರು.

ಸೀಸೆ ಬೀರುವಿನ ಮೇಲ್ಮಣೆಗೆ, ಹಳೆಯ ಹೈಡ್ರಾಮೀಟರಿನ ಪೆಟ್ಟಿಗೆಯ ಪಕ್ಕಕ್ಕೆ ಹೋಯಿತು. ಹೋಗುವ ಮುನ್ನ ಅವರು ಅಭ್ಯಾಸಬಲದಿಂದ ಚೀಟಿಯ ಮೇಲೆ ಮದ್ಯದ ಮಟ್ಟಕ್ಕೆ ಪೆನ್ಸಿಲಿನ ಗೆರೆಯೆಳೆದು ತಾರೀಖು ಬರೆದರು. ಯುಗಾದಿಗೆ ಅಳಿಯ ಮತ್ತೆ ಬಂದು ಇಳಿಸಿ ನೋಡಿದಾಗ ಮಟ್ಟ ಗೆರೆಗೆ ಸರಿಯಾಗಿತ್ತು. ಅವನು ತನಗಷ್ಟು ಬಗ್ಗಿಸಿಕೊಂಡನು. ಹಿರಿಯರು ಹೊಸ ಗೆರೆಯನ್ನೆಳೆದರು. ಅವನು ಕುಡಿದು ಮುಗಿಸುವವರೆಗೂ ಹತ್ತಿಯ ಧಾರಣೆ, ಭದ್ರಾ ನಾಲೆಯ ನೀರು ಎಂದು ಏನೇನೋ ಮಾತಾಡುತ್ತಿದ್ದು, ಅವನು ಲೋಟವನ್ನು ತೊಳೆಯಲು ಎದ್ದಾಗ, “ಇರಲಿ, ಬರಿದಾದ ಲೋಟವನ್ನು ಇತ್ತ ಕೊಡಿ” ಎಂದು ಕೈ ಚಾಚಿದರು.