ದಿನಾ ಬೆಳಿಗ್ಗೆ ಹಿಂಡುವ ಆಕಳು

ದೊಡ್ಡ ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ದಿನಾ ಬೆಳಿಗ್ಗೆ ಹಾಲು ಹಿಂಡ್ತಾರೆ ಅಂದ್ರೆ ನಂಬ್ತೀರಾ? ಸೀಸದ ಕವಚದ ಡಬ್ಬಿಯೊಳಗೆ ಮಾಲಿಬ್ಡಿನಮ್-99 ಇರುತ್ತದೆ. 66 ಗಂಟೆಗೊಮ್ಮೆ ಅರ್ಧದಷ್ಟು ಕರಗುತ್ತಾ ಅದು ಟೆಕ್ನೀಷಿಯಮ್-99ಎಮ್ ಆಗುತ್ತದೆ. ಉಪ್ಪುನೀರು ಹಾಯಿಸಿ ಅದನ್ನು ಇಳಿಸಿಕೊಂಡರೆ ಮರುದಿನಕ್ಕೆ ಕೆಚ್ಚಲು ಮತ್ತೆ ತುಂಬಿರುತ್ತದೆ. ಆ ಡಬ್ಬಿಗೆ ಅಡ್ಡಹೆಸರೇ 'ಆಕಳು'. ಕುಮಾರಪಟ್ಟಣದಲ್ಲಿ ಎಮ್ಮೆ ಕಟ್ಟಿಕೊಂಡೇ ನನ್ನನ್ನು ಬಿಇ ಓದಿಸಿದ ಅಪ್ಪನಿಗೆ ಇದನ್ನು ಹೇಳಿದೆ. 'ಎಷ್ಟ್ ದಿನ ಹಿಂಡತೈತಿ?' ಅಂದ. ವಾರ, ಹೆಚ್ಚೆಂದರೆ ಹತ್ತು ದಿನ ಅಂದೆ. 'ಹಂಗಾರ ಲಗೂ ಬತ್ತೋ ಎಮ್ಮಿ ಅದು' ಅಂದ.

ಆ ಹಾಲು ಅವತ್ತು ಅಪ್ಪನ ರಕ್ತನಾಳಕ್ಕೇ ಹೋಗಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹಬ್ಬಿದೆಯಾ ಅಂತ ನೋಡೋಕೆ ಬೆಂಗಳೂರಿನಲ್ಲಿ ಬೋನ್ ಸ್ಕ್ಯಾನ್. ಔಷಧ ಎಲುಬು ಸೇರಲಿ ಅಂತ ಮೂರು ತಾಸು ಕೂರಿಸಿದ್ದರು.

ಹೆಚ್ಚುವರಿ ಶಕ್ತಿ ಹೊತ್ತ ನ್ಯೂಕ್ಲಿಯಸ್‌ಗಳು ಸಾಮಾನ್ಯವಾಗಿ ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲೇ ಗಾಮಾ ಕಿರಣ ಚೆಲ್ಲಿ ತಣ್ಣಗಾಗುತ್ತವೆ. ಟೆಕ್ನೀಷಿಯಮ್ ಮಾತ್ರ ತಡೆದು ನಿಲ್ಲುತ್ತದೆ. ಕೆಳಗಿಳಿಯಬೇಕಾದರೆ ಅದರ ಸ್ಪಿನ್ ಬಹಳ ಬದಲಾಗಬೇಕು, ಅದು ಸುಲಭಕ್ಕೆ ಆಗುವುದಿಲ್ಲ. ಹಾಗಾಗಿ ಅರ್ಧ ಖಾಲಿಯಾಗಲು 6 ಗಂಟೆ ಬೇಕು. ಅಪ್ಪನಿಗೆ ಕೊಟ್ಟಿದ್ದು 20 ಮಿಲಿಕ್ಯೂರಿ. ಅಂದರೆ ಶುರುವಿಗೆ ಸೆಕೆಂಡಿಗೆ 74 ಕೋಟಿ ನ್ಯೂಕ್ಲಿಯಸ್‌ಗಳ ಸರದಿ. ಯಾವುದರ ಸರದಿ ಯಾವಾಗ? ಯಾರಿಗೂ ಹೇಳೋಕಾಗಲ್ಲ.

ಪಂಚಮಿಗೆ ಅವ್ವ ಜೋಳದ ಅಳ್ಳು ಹುರಿಯುವಾಗಲೂ ಯಾವ ಕಾಳು ಮೊದಲು ಸಿಡಿಯುತ್ತೆ ಅಂತ ಗೊತ್ತಾಗ್ತಿರಲಿಲ್ಲ. ಆದರೆ ಹೋಲಿಕೆ ಅಲ್ಲಿಗೇ ಮುಗೀತು. ಕಾಳು ಕಾಯುತ್ತಾ ಹೋದಂತೆ ಅದರ ಗಳಿಗೆ ಹತ್ತಿರ ಬರ್ತದೆ. ನ್ಯೂಕ್ಲಿಯಸ್‌ಗೆ ವಯಸ್ಸೇ ಇಲ್ಲ. ಇಡೀ ದಿನ ಸುಮ್ಮನಿದ್ದುದಕ್ಕೂ ಈಗ ತಾನೇ ಹಿಂಡಿದ್ದಕ್ಕೂ ಮುಂದಿನ ನಿಮಿಷದ ಸಾಧ್ಯತೆ ಒಂದೇ. ಸರ್ವರ್‌ಗೆ ಬರುವ ರಿಕ್ವೆಸ್ಟ್‌ಗಳಿಗೆ ನಾವು ಹಾಕುವ ಪಾಯ್ಸಾನ್ ಲೆಕ್ಕವೂ ಇದೇ. ಆಫೀಸಿನಲ್ಲಿ ಅದರಿಂದ ಯಾರ ಎದೆಯೂ ಹೊಡೆದುಕೊಳ್ಳೋದಿಲ್ಲ ಅಷ್ಟೇ.

ಗಾಜಿನಾಚೆ ಪರದೆಯ ಮೇಲೆ ಅಪ್ಪನ ಅಸ್ಥಿಪಂಜರ ಚುಕ್ಕೆ ಚುಕ್ಕೆಯಾಗಿ ಮೂಡುತ್ತಿತ್ತು. ಸೊಂಟದ ಹತ್ತಿರ ಒಂದು ಕಡೆ ಚುಕ್ಕೆ ದಟ್ಟವಾಗಿ ಕಂಡವು. ಒಂದು ಚೌಕದಲ್ಲಿ 100 ಎಣಿಕೆ ಬಿದ್ದರೆ ಹತ್ತು ಆಚೀಚೆ ಸಹಜ, ವರ್ಗಮೂಲದ ಲೆಕ್ಕ. ಪಕ್ಕದ ಚೌಕದಲ್ಲಿ 115 ಬಿದ್ದರೂ ಅದಕ್ಕೆ ಅರ್ಥ ಇಲ್ಲದಿರಬಹುದು. 10,000 ಬಿದ್ದರೆ ನೂರು ಮಾತ್ರ ಆಚೀಚೆ. ಆಗ ಪಕ್ಕದಲ್ಲಿ 11,500 ಕಂಡರೆ ಅದು ನಿಜ. ಕಾಯದೆ ಬೇರೆ ದಾರಿಯಿಲ್ಲ. 'ಅಲುಗಾಡಬೇಡಿ ಅಜ್ಜಾರೆ, ಇನ್ನೈದು ನಿಮಿಷ' ಅಂದಳು ಟೆಕ್ನೀಷಿಯನ್. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಐದು ನಿಮಿಷ ಹನುಮಪ್ಪನನ್ನು ನೆನೆಯುತ್ತಿದ್ದೆ.

ಸೊಂಟದ ಗುಂಪು ಸುತ್ತಲಿನದರ ಜೊತೆ ಬೆರೆತುಹೋಯಿತು. ಮೊಣಕಾಲು ಹೊಳೆದಿದ್ದು ಸವೆತದಿಂದ. ಪಕ್ಕೆಲುಬಿನಲ್ಲಿ ಒಂದು ಮಾತ್ರ ಹಾಗೇ ಉಳಿಯಿತು.

ಆಮೇಲೆ ಡಾಕ್ಟರು, ಇಂಥವರಲ್ಲಿ ನೂರಕ್ಕೆ ಇಷ್ಟು ಜನ ಐದು ವರ್ಷ ದಾಟ್ತಾರೆ ಅಂತ ಬಿಡಿಸಿ ಹೇಳಿದರು. ಹೊರಗೆ ಬಂದ ಮೇಲೆ ಅಪ್ಪ ಕೇಳಿದ, 'ತಮ್ಮಾ, ಆ ನೂರರಾಗ ನಾ ಎಷ್ಟನೇದವ?'

ಮೂರು ತಿಂಗಳಿಗೊಂದು ಇಂಜೆಕ್ಷನ್ ಶುರುವಾಗಿದೆ. ಹೊಳೆ ದಾಟಿ ಹರಿಹರದಲ್ಲಿ ರೈಲು ಹತ್ತಿ ಬರ್ತಾನೆ. ಮುಂದಿನ ಸಲದ ಟಿಕೆಟ್ಟೂ ಮಾಡಿಸಿದ್ದೇನೆ, ಕಿಟಕಿ ಪಕ್ಕದ್ದು.