ಮಕ್ಕಂಡಿರೋ ಮಗೀನ ಎಬ್ಬಿಸ್ಬ್ಯಾಡ್ರಪ್ಪ

ಆರು ತಿಂಗಳ ಮಗುವಿಗೆ ಪರೀಕ್ಷೆ ಇಡೋದು ಹೇಗೆ? ಜರ್ಮನಿಯ ಸಬೀನ ಸೀಹಾಗನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಗೊಂಬೆ ತಂದರು. ಗೊಂಬೆಯ ಕೈಗವಸು ತೆಗೆಯೋದು, ಅಲ್ಲಾಡಿಸೋದು, ಮತ್ತೆ ಹಾಕೋದು, ಇಷ್ಟೇ ಸಿಲಬಸ್. ಆರು ಮತ್ತು ಹನ್ನೆರಡು ತಿಂಗಳ ಮಕ್ಕಳು ಸುಮ್ಮನೆ ನೋಡಬೇಕು. ಆಮೇಲೆ ನಾಲ್ಕು ಗಂಟೆಯೊಳಗೆ ಕನಿಷ್ಠ ಅರ್ಧ ಗಂಟೆ ನಿದ್ದೆ ಮಾಡಿದ ಮಕ್ಕಳು ಅದನ್ನು ನೆನಪಿಟ್ಟು ಅನುಕರಿಸಿದವು. ಮಾಡದವು ಗೊಂಬೆಯನ್ನು ಮೊದಲ ಸಲ ನೋಡಿದಂತೆ ನೋಡಿದವು.

ಇದನ್ನೆಲ್ಲ ನಾವು ಓದಿದ್ದು ಒಂದು ಜಗಳದಿಂದಾಗಿ. ನಾವು ನಾಲ್ವರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಹೀಗೆ ತಾಲ್ಲೂಕಿಗೊಬ್ಬರಂತೆ ಹಾಸ್ಟೆಲ್‌ನ ಒಂದೇ ರೂಮಿಗೆ ಬಿದ್ದವರು. (ರಾತ್ರಿ ಎರಡಕ್ಕೆ ಮಲಗೋ ನಾವು ನಿದ್ದೆ ಬಗ್ಗೆ ಬರೀತಿದೀವಿ, ನಗಬೇಡಿ.) ಹೊಳಲ್ಕೆರೆಯವನ ಅಕ್ಕನಿಗೆ ನಾಲ್ಕು ವರ್ಷದ ಮಗ, ಎಲ್‌ಕೆಜಿ. ಶಾಲೆಯಿಂದ ಬಂದವನು ತಟ್ಟೆ ಮುಂದೆಯೇ ತೂಕಡಿಸ್ತಾನೆ. ಮೂರಕ್ಕೆ ಟ್ಯೂಷನ್, ಮುಖಕ್ಕೆ ನೀರು ಹಾಕಿ ಕಳಿಸೋದು. "ಮಧ್ಯಾಹ್ನ ಮಲಗಿದ್ರೆ ಮಂಕಾಗ್ತಾನಂತೆ ಕಣೋ. ಬೆಳಿಗ್ಗೆ ಹೇಳ್ಕೊಟ್ಟಿದ್ದು ಸಂಜೆಗೇ ಮರೀತಾನೆ" ಅಂತ ಅಕ್ಕನ ಗೋಳು. ಹೊಸದುರ್ಗದ ಅಜ್ಜಿ ಕೇಳಿ ರೇಗಿದರು. "ಮಕ್ಕಂಡಿರೋ ಮಗೀನ ಎಬ್ಬಿಸ್ತಾರೇನೋ?" ಶೇಂಗಾ ಹೊಲದ ಬದುವಿನ ಬೇವಿಗೆ ಹಳೇ ಸೀರೆಯ ಜೋಲಿ ಕಟ್ಟಿ ಮಕ್ಕಳನ್ನು ಬೆಳೆಸಿದವರು ಅವರು. ಜೋಲಿ ಕಟ್ಟಿದ್ದು ಕಳೆ ಕೀಳೋಕೆ ಕೈ ಬಿಡುವಾಗಲಿ ಅಂತ ಅನ್ನೋದೂ ನಿಜ.

ಆದ್ರೂ ಅಜ್ಜಿಯ ಮಾತು ಗಟ್ಟಿ. ದಿನದಲ್ಲಿ ಕಲಿತದ್ದು ಮೊದಲು ಮಿದುಳಿನ ಹಿಪೊಕ್ಯಾಂಪಸ್‌ನಲ್ಲಿ ತಾತ್ಕಾಲಿಕವಾಗಿ ಕೂರುತ್ತೆ. ಗಾಢ ನಿದ್ದೆಯಲ್ಲಿ ಅದೇ ಪಾಠ ಒಳಗೊಳಗೇ ಮತ್ತೆ ಓಡಿ, ನಿಧಾನವಾಗಿ ಹೊರಪದರಕ್ಕೆ ದಾಟುತ್ತೆ. ನಮ್ಮ ಭಾಷೆಯಲ್ಲಿ ಬಫರ್‌ನಿಂದ ಡಿಸ್ಕ್‌ಗೆ ಅನ್ನಬಹುದು, ಆದರೆ ಡಿಸ್ಕು ಬರೆಯುವಾಗ ತನ್ನನ್ನೇ ತಿದ್ದಿಕೊಳ್ಳಲ್ಲ, ಮಿದುಳು ತಿದ್ದಿಕೊಳ್ಳುತ್ತೆ. ಚಿಕ್ಕ ಮಕ್ಕಳ ಬಫರ್ ಇನ್ನೂ ಬೆಳೀತಿರುತ್ತೆ, ಬೇಗ ತುಂಬುತ್ತೆ, ಅದಕ್ಕೇ ಹಗಲಲ್ಲೂ ಖಾಲಿ ಮಾಡ್ಬೇಕು ಅನ್ನೋದು ಅಮೆರಿಕದ ರೆಬೆಕ್ಕಾ ಸ್ಪೆನ್ಸರ್ ಅವರ ವಾದ. 2013ರಲ್ಲಿ ಅವರ ತಂಡ ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳಿಗೆ ಚಿತ್ರಗಳ ಜಾಗ ನೆನಪಿಡೋ ಆಟ ಆಡಿಸಿತು. ದಿನಾ ಮಧ್ಯಾಹ್ನ ಮಲಗೋ ಮಕ್ಕಳನ್ನು ಎಚ್ಚರವಾಗಿಟ್ಟ ದಿನ ಅವು ಹೆಚ್ಚು ಮರೆತವು. ಆ ನಷ್ಟವನ್ನು ರಾತ್ರಿಯ ನಿದ್ದೆಯೂ ತುಂಬಿಕೊಡಲಿಲ್ಲ.

ಅಕ್ಕನಿಗೆ ಇಷ್ಟನ್ನೇ ಹೇಳಿದ್ವಿ. ಮಲಗದೇ ಇರೋ ಮಗುವನ್ನು ಒತ್ತಾಯದಿಂದ ಮಲಗಿಸೋದೂ ಬೇಡ, ಐದು ವರ್ಷದ ಹೊತ್ತಿಗೆ ಬಹಳ ಮಕ್ಕಳು ತಾವೇ ಹಗಲು ನಿದ್ದೆ ಬಿಡ್ತಾರೆ. ಮೂರರಿಂದ ಐದರ ಮಕ್ಕಳಿಗೆ ದಿನಕ್ಕೆ ಒಟ್ಟು 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ತಜ್ಞರು. ಲೆಕ್ಕ ಹಾಕಿದ್ರೆ ಅವನಿಗೆ ಸಿಗ್ತಿದ್ದದ್ದು ಎಂಟೂವರೆ.

ಟ್ಯೂಷನ್ನಿನವರು ಬ್ಯಾಚ್ ಬದಲಾಯಿಸೋಕೆ ಒಪ್ಪಲಿಲ್ಲ. ಅಕ್ಕ ಈ ತಿಂಗಳ ಫೀಸು ಕಟ್ಟಿಲ್ಲ. ಭಾವನಿಗೆ ಇನ್ನೂ ಗೊತ್ತಿಲ್ಲ.