ಎಣ್ಣೆ ಕುಡಿಯುವ ಕಾರು

ಹಳೆಯ ಕಾರನ್ನು ಸಾಕಿಕೊಂಡಿರುವ ಗೃಹಸ್ಥನಿಗೆ ಪೆಟ್ರೋಲಿನ ಖರ್ಚು ಅಷ್ಟಾಗಿ ನೋಯಿಸುವುದಿಲ್ಲ. ಅದು ಕಣ್ಣಿಗೆ ಕಾಣುವ ಖರ್ಚು; ಓಡಿದಷ್ಟಕ್ಕೆ ತೆತ್ತದ್ದು. ಅವನ ನಿದ್ದೆ ಕೆಡಿಸುವುದು ಇಂಜಿನಿನ ಎಣ್ಣೆ. ಹೋದ ತಿಂಗಳು ತುಂಬಿಸಿದ ಎಣ್ಣೆ ಈ ತಿಂಗಳು ಗೇಜು ಕಡ್ಡಿಯ ತುದಿಗೂ ಅಂಟುವುದಿಲ್ಲ. ನೆಲವನ್ನು ನೋಡಿದರೆ ಒಂದೆರಡು ತೊಟ್ಟು ಬಿದ್ದಿರುವುದಷ್ಟೆ. ಉಳಿದದ್ದು ಎಲ್ಲಿ ಹೋಯಿತು? ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಮಹಾಶಯನೊಬ್ಬ ಮೂಗು ಮುಚ್ಚಿಕೊಂಡು ಮುಂದೆ ಸಾಗಿ, ಒಮ್ಮೆ ತಿರುಗಿ ನೋಡುವ ನೋಟದಲ್ಲಿ ಅದಕ್ಕೆ ಉತ್ತರವಿರುತ್ತದೆ. ಕಾರಿನ ಬಾಲದಿಂದ ನೀಲಿ ಹೊಗೆ ಹೊರಡುತ್ತಿದೆ.

ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಮೇಸ್ತ್ರಿ ಬಾನೆಟ್ಟು ಎತ್ತಿ, ಇಂಜಿನು ಓಡುತ್ತಿರುವಾಗಲೇ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು, ಅಲ್ಲಿಂದ ಬುಸಬುಸನೆ ಏಳುವ ಆವಿಯನ್ನು ತೋರಿಸುತ್ತಾನೆ. “ಬ್ಯಾಕ್ ಕಂಪ್ರೆಷನ್ ಹೊಡೀತಾ ಇದೆ ಸಾರ್. ಇಂಜಿನ್ ಬೋರಿಗೆ ಬಂದಿದೆ.” ಕಣ್ಣಾರೆ ಹೊಗೆ ಕಂಡವನು ವಾದಿಸುವುದೆಂತು? ಮುಂಗಡ ಕೊಟ್ಟು ಮನೆಗೆ ನಡೆಯುತ್ತಾನೆ.

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಅನಿಲ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಸಂದಿಯನ್ನು ಮುಚ್ಚಲು ರಿಂಗುಗಳಿವೆ. ಸೀಳು ಬಿಟ್ಟ ಬಳೆಯಂತೆ ಹಿಗ್ಗಿ ಗೋಡೆಯನ್ನು ಅಪ್ಪಿಕೊಳ್ಳುವ ಈ ರಿಂಗನ್ನು 19ನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಉಗಿಯಂತ್ರಗಳಿಗಾಗಿ ರೂಪಿಸಿದ. ಮೇಲಿನ ರಿಂಗುಗಳು ಅನಿಲವನ್ನು ತಡೆಯುತ್ತವೆ. ಕೆಳಗಿನದು ಗೋಡೆಯ ಮೇಲಿನ ಎಣ್ಣೆಯನ್ನು ಹೆರೆದು ಕೆಳಕ್ಕಿಳಿಸುತ್ತದೆ. ಬಳೆಯಲ್ಲಿ ಸೀಳಿರುವ ತನಕ ಒಂದಿಷ್ಟು ಅನಿಲ ನುಸುಳಿ ಕೆಳಗಿನ ಎಣ್ಣೆಯ ಕೋಣೆಗೆ ಹೋಗಿಯೇ ತೀರುತ್ತದೆ. ನಿನ್ನೆ ಅಂಗಡಿಯಿಂದ ತಂದ ಹೊಸ ಕಾರಿನಲ್ಲೂ ಅದುಂಟು. ಮುಚ್ಚಳ ತೆಗೆದು ಆವಿ ತೋರಿಸುವುದೆಂದರೆ, ಮನುಷ್ಯನ ಬಾಯಿ ತೆರೆಸಿ ಉಸಿರು ಬರುತ್ತಿದೆಯೆಂದು ಕಾಯಿಲೆ ಹೇಳಿದಂತೆ. ಎಷ್ಟು ಬರುತ್ತಿದೆ, ಏಕೆ ಬರುತ್ತಿದೆ ಎಂಬುದೇ ಪ್ರಶ್ನೆ.

ಆ ಪ್ರಶ್ನೆ ಕೇಳದೆ ಬೋರಿಗೆ ಕೊಟ್ಟರೆ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ಬೋರು ಮಾಡುವುದೆಂದರೆ ಸಿಲಿಂಡರಿನ ಗೋಡೆಯ ಲೋಹವನ್ನು ಕೊರೆದು ತೆಗೆಯುವುದು. ಅಂಬಾಸಿಡರ್ ಕಾರಿನ ಹಳೆಯ 1489 ಘನ ಸೆಂಟಿಮೀಟರಿನ ಇಂಜಿನನ್ನೇ ತೆಗೆದುಕೊಂಡರೆ, ಅದರ ಸಿಲಿಂಡರಿನ ಅಗಲ ಸುಮಾರು 73 ಮಿಲಿಮೀಟರ್. ಇಂಚಿನ ಸಾವಿರ ಭಾಗಗಳಲ್ಲಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದು ಮೆಟ್ಟಿಲು ಮೆಟ್ಟಿಲಾಗಿ ಅದನ್ನು ಹಿಗ್ಗಿಸುತ್ತ ಹೋಗಬಹುದು. ಕೊನೆಯ ಮೆಟ್ಟಿಲು ಮುಗಿದ ಮೇಲೆ ಒಳಗೆ ಸ್ಲೀವು ಕೂರಿಸಬೇಕು, ಇಲ್ಲವೆ ಬೇರೆ ಇಂಜಿನು ಹುಡುಕಬೇಕು. ಆ ಕಾರಿನ ತಯಾರಿಕೆ 2014ರಲ್ಲಿಯೇ ಉತ್ತರಪಾರಾದಲ್ಲಿ ನಿಂತುಹೋಯಿತು. ಕೊರೆದ ಲೋಹವನ್ನು ಮತ್ತೆ ಅಂಟಿಸುವ ವಿದ್ಯೆ ಯಾವ ಲೇತಿನ ಅಂಗಡಿಯಲ್ಲೂ ಇಲ್ಲ.

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಅಂಬಾಸಿಡರಿಗೆ ಇಂಥ ಸಂಕಟ ಒದಗಿತು. ಹಿಂದಿನ ಒಡೆಯನ ಕಾಲದಲ್ಲಿಯೇ ನಲವತ್ತರ ಮೆಟ್ಟಿಲು ಮುಟ್ಟಿದ್ದ ಇಂಜಿನು. ಎಂಟುನೂರು ಕಿಲೋಮೀಟರಿಗೆ ಒಂದು ಲೀಟರು ಎಣ್ಣೆ ಕುಡಿಯುತ್ತಿತ್ತು. ಒಂದು ಗ್ಯಾರೇಜಿನವರು ಸ್ಲೀವಿನ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಪಿಂಚಣಿಯ ನಾಲ್ಕು ತಿಂಗಳನ್ನು ನುಂಗುವ ಲೆಕ್ಕ. ಕಾರನ್ನು ತೂಕಕ್ಕೆ ಹಾಕುವುದೇ ಲೇಸೆಂದು ಮಗ ಹೇಳಿದ. ಮಂಗಳೂರಿನ ಮಗಳ ಮನೆಗೆ ತಮ್ಮಿಷ್ಟ ಬಂದಾಗ ಹೊರಡುವ ಸ್ವಾತಂತ್ರ್ಯ ಆ ಕಾರಿನಿಂದಲೇ ಇತ್ತಾದ್ದರಿಂದ ಮೇಷ್ಟ್ರು ಒಪ್ಪದೆ, ಇನ್ನೊಬ್ಬ ವಯಸ್ಸಾದ ಮೇಸ್ತ್ರಿಯ ಬಳಿಗೆ ಹೋದರು.

ಆತ ಮುಚ್ಚಳಕ್ಕೆ ಕೈ ಹಾಕಲಿಲ್ಲ. “ಹೊಗೆ ಯಾವಾಗ ಬರ್ತದೆ ಮೇಷ್ಟ್ರೇ? ಘಾಟಿ ಹತ್ತೋವಾಗಲೋ, ಇಳಿದ ಮೇಲೋ?” ಎಂದು ಕೇಳಿದ.

ಸ್ಟಿಯರಿಂಗು ಹಿಡಿದವರಿಗೆ ಹಿಂದಿನ ಹೊಗೆ ತಿಳಿಯದು. ಹಿಂದಿನ ಸೀಟಿನಲ್ಲಿ ಕುಳಿತಿರುತ್ತಿದ್ದ ಅವರ ಮನೆಯವರು ಉತ್ತರ ಕೊಟ್ಟರು: “ಸಂಪಾಜೆ ಇಳಿದು, ಗಾಡಿ ಮತ್ತೆ ಎಳೆಯೋಕೆ ಶುರುವಾದಾಗ ಒಂದು ಸಲ ಗಪ್ಪಂತ ಬರತ್ತಪ್ಪ. ವಾಪಸು ಹತ್ತೋವಾಗ ಏನೂ ಇರಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಒಂದಿಷ್ಟು.”

ಅರ್ಧ ರೋಗ ಅಲ್ಲಿಯೇ ಪತ್ತೆಯಾಯಿತು. ರಿಂಗು ಸವೆದ ಇಂಜಿನು ಭಾರ ಎಳೆಯುವಾಗ, ಅಂದರೆ ಘಾಟಿ ಹತ್ತುವಾಗ, ಉದ್ದಕ್ಕೂ ಹೊಗೆಯಾಡುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಕಾರ್ಬುರೇಟರಿನ ಕದ ಮುಚ್ಚಿ, ಇಂಜಿನು ಹೀರುವ ಬಲ ಹೆಚ್ಚುತ್ತದೆ. ವಾಲ್ವಿನ ಸೀಲು ಗಟ್ಟಿಯಾಗಿದ್ದರೆ ಅಥವಾ ಗೈಡು ಸವೆದಿದ್ದರೆ ಮೇಲಿನ ಎಣ್ಣೆ ವಾಲ್ವಿನ ಕಡ್ಡಿಗುಂಟ ಜಾರಿ ಒಳಗೆ ಸೇರುತ್ತದೆ. ಮತ್ತೆ ಕಾಲೊತ್ತಿದಾಗ ಅದೆಲ್ಲ ಒಮ್ಮೆಲೆ ಉರಿಯುತ್ತದೆ. ರಾತ್ರಿ ತೊಟ್ಟಿಕ್ಕಿದ್ದು ಬೆಳಗ್ಗೆ ಉರಿಯುವುದೂ ಹಾಗೆಯೇ.

ಆದರೂ ಆತ ಅಳೆಯದೆ ಬಿಡಲಿಲ್ಲ. ಇಂಜಿನನ್ನು ಬಿಸಿ ಮಾಡಿ, ನಾಲ್ಕೂ ಪ್ಲಗ್ಗು ಬಿಚ್ಚಿ, ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿಸಿ, ಒಂದೊಂದು ಸಿಲಿಂಡರಿಗೂ ಗೇಜು ಹಚ್ಚಿ ತಿರುಗಿಸಿದ. ನಾಲ್ಕೂ 118ರಿಂದ 122 ಪೌಂಡಿನೊಳಗೆ ನಿಂತವು. ಒಂದು ಸಿಲಿಂಡರು ಮಾತ್ರ ಬಹಳ ಕೆಳಗಿದ್ದಿದ್ದರೆ ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುವುದು ಪದ್ಧತಿ: ಅಂಕಿ ಏರಿದರೆ ದೋಷ ರಿಂಗಿನದು, ಏರದಿದ್ದರೆ ಬಹುಮಟ್ಟಿಗೆ ವಾಲ್ವಿನದು. ಪಕ್ಕಪಕ್ಕದ ಎರಡು ಕೆಳಗಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ. ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ.

ಹಾಗಾದರೆ ಮುಚ್ಚಳದ ಬಳಿಯ ಅಷ್ಟೊಂದು ಆವಿ? ನುಸುಳಿದ ಅನಿಲ ಹೊರಹೋಗಲು ಇಂಜಿನಿಗೆ ಉಸಿರಾಡುವ ನಳಿಗೆಯೊಂದಿದೆ. ಅದನ್ನು ಬಿಚ್ಚಿದಾಗ ಒಳಗೆ ಎಣ್ಣೆಯ ಜಿಡ್ಡು ಹೆಪ್ಪುಗಟ್ಟಿ, ಹರಳೆಣ್ಣೆ ದೀಪದ ಕಿಟ್ಟದಂತೆ ಕರಿಯಾಗಿ ಕುಳಿತಿತ್ತು. ದಾರಿ ಕಟ್ಟಿದ ಅನಿಲ ಒಳಗೆ ಒತ್ತಡ ಹೆಚ್ಚಿಸಿ, ಸಿಕ್ಕ ಸಿಕ್ಕ ಸಂದಿಯಿಂದ ಎಣ್ಣೆಯನ್ನು ಹೊರಗೆ ನೂಕುತ್ತಿತ್ತು. ನಳಿಗೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ವಾಲ್ವಿನ ಸೀಲುಗಳನ್ನು ಬದಲಿಸಿದ್ದಾಯಿತು. ಎಣ್ಣೆಯ ಖರ್ಚು ಸಾವಿರ ಕಿಲೋಮೀಟರಿಗೆ ಮುಕ್ಕಾಲು ಪಾವಿನಷ್ಟಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಗೈಡುಗಳೂ ಸವೆದಿವೆ, ಆದರೆ ಅವಕ್ಕೆ ಅವಸರವಿಲ್ಲ ಎಂದು ಮೇಸ್ತ್ರಿ ಹೇಳಿದ. ಮಗನಿಗೆ ಈಗಲೂ ಸಮಾಧಾನವಿಲ್ಲವಂತೆ.

ಎಲ್ಲ ಕಾರುಗಳ ಕಥೆ ಇಷ್ಟು ಸುಖವಾಗಿ ಮುಗಿಯುವುದಿಲ್ಲ. ಗೇಜಿನ ಅಂಕಿ ಚೆನ್ನಾಗಿದ್ದೂ ಕಾರು ಎಣ್ಣೆ ಕುಡಿಯುವುದುಂಟು. ಮೇಲಿನ ರಿಂಗುಗಳು ಸರಿಯಾಗಿದ್ದು, ಎಣ್ಣೆ ಹೆರೆಯುವ ಕೆಳಗಿನ ರಿಂಗು ಮಾತ್ರ ಮಸಿಯಲ್ಲಿ ಅಂಟಿಕೊಂಡಿದ್ದರೆ ಗೇಜು ಅದನ್ನು ಹೇಳಲಾರದು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿಗೆ, ಮಾರುಕಟ್ಟೆ ದೇವಸ್ಥಾನಗಳ ಆಚೆಗೆ ಹೋಗದ ಕಾರಿಗೆ, ಈ ರೋಗ ಸಾಮಾನ್ಯ. ಪ್ಲಗ್ಗಿನ ತೂತುಗಳಿಂದ ಒಂದಿಷ್ಟು ತೆಳು ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಟ್ಟು, ಎಣ್ಣೆ ಬದಲಿಸಿ, ದೂರದ ಊರಿಗೊಮ್ಮೆ ಓಡಿಸಿದರೆ ರಿಂಗು ಕೆಲವೊಮ್ಮೆ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಳ್ಳದಿದ್ದರೂ ಹೋದದ್ದು ಒಂದು ಸಲದ ಎಣ್ಣೆಯಷ್ಟೆ.

ಕಂಪ್ರೆಸರ್ ಇರುವ ಗ್ಯಾರೇಜಿನಲ್ಲಿ ಇನ್ನೂ ಸೊಗಸಾದ ಪರೀಕ್ಷೆಯೊಂದುಂಟು. ವಾಲ್ವುಗಳೆರಡೂ ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲೆ ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ, ಕಿವಿಗೊಟ್ಟು ಕೇಳುವುದು. ಎಣ್ಣೆಯ ಬಾಯಲ್ಲಿ ಗಾಳಿ ಸುಯ್ಯೆಂದರೆ ರಿಂಗು. ಕಾರ್ಬುರೇಟರಿನಲ್ಲಿ ಕೇಳಿಸಿದರೆ ಒಳಗೆಳೆಯುವ ವಾಲ್ವು. ಸೈಲೆನ್ಸರಿನ ತುದಿಯಲ್ಲಾದರೆ ಹೊಗೆ ಬಿಡುವ ವಾಲ್ವು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟು. ವೈದ್ಯನ ಸ್ಟೆತಾಸ್ಕೋಪಿನಷ್ಟೇ ಪ್ರಾಮಾಣಿಕವಾದ ಈ ಪರೀಕ್ಷೆಯನ್ನು ನಮ್ಮ ಗ್ಯಾರೇಜುಗಳು ಇಷ್ಟು ಅಪರೂಪವಾಗಿ ಮಾಡುವುದು ಸೋಜಿಗ. ಬೋರಿನಲ್ಲಿ ಲಾಭ ಹೆಚ್ಚೆಂಬ ಕಾರಣ ಹೇಳುವವರೂ ಇದ್ದಾರೆ.

ಹಳೆಯ ಕಾರು ಕೊಳ್ಳುವವರು ಎಚ್ಚರದಿಂದಿರಬೇಕಾದ ಮಾತೊಂದಿದೆ. ಮಾರುವವನು ಹಿಂದಿನ ದಿನ ಮಂದವಾದ ಎಣ್ಣೆ ತುಂಬಿಸಿದರೆ ಹೊಗೆ ಕೆಲಕಾಲ ಅಡಗಿಕೊಳ್ಳುತ್ತದೆ. ಗೇಜು ಕಡ್ಡಿಯಲ್ಲಿ ಎಣ್ಣೆ ಜೇನಿನಂತೆ ಎಳೆಯಾಗಿ ಇಳಿದರೆ ಆ ಕಾರನ್ನು ಬಿಟ್ಟು ಬರುವುದು ಲೇಸು.

ಇಂದಿನ ಕಾರುಗಳಲ್ಲಿ ಉಸಿರು ನಳಿಗೆ ರಸ್ತೆಗೆ ತೆರೆದಿಲ್ಲ. ಒಂದು ವಾಲ್ವಿನ ಮೂಲಕ ಆ ಅನಿಲವನ್ನು ಮತ್ತೆ ಇಂಜಿನಿಗೇ ಉಣಿಸುತ್ತಾರೆ. ಕ್ಯಾಲಿಫೋರ್ನಿಯದ ಹೊಗೆಮಂಜಿಗೆ ಹೆದರಿ ಅಲ್ಲಿನ ಹೊಸ ಕಾರುಗಳಿಗೆ 1961ರ ಸುಮಾರಿಗೆ ಬಂದ ಏರ್ಪಾಡು. ಅಗ್ಗದ ಆ ವಾಲ್ವು ಕಟ್ಟಿಕೊಂಡರೂ ಹೊಸ ಕಾರು ಹಳೆಯದರಂತೆಯೇ ಎಣ್ಣೆ ಕುಡಿಯತೊಡಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ರಿಂಗೇ ಸವೆದಿದೆಯೆಂದು ಗೊತ್ತಾದರೆ ಬೋರು ಮಾಡಿಸಲೇಬೇಕು. ಆಗಲೂ ಹೆಡ್ಡು ಇಳಿಸಿದ ಮೇಲೆ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ, ಅಡ್ಡಕ್ಕೂ ಉದ್ದಕ್ಕೂ ಅಳತೆ ತೆಗೆದು ಬರೆದುಕೊಡುವಂತೆ ಕೇಳಬೇಕು. ಸವೆತ ಕಡಮೆಯಿದ್ದರೆ ಗೋಡೆಯನ್ನು ಸ್ವಲ್ಪ ಉಜ್ಜಿ ಹೊಸ ರಿಂಗು ಹಾಕಿದರೆ ಸಾಕಾದೀತು. ಅಳತೆಯ ಚೀಟಿ ಕೊಡಲು ಹಿಂಜರಿಯುವ ಅಂಗಡಿಗೆ ಇಂಜಿನನ್ನು ಕೊಡಬಾರದು.